ಗುಟ್ಟಿನ ಗುತ್ತಿಗೆ

‘ಗೋಪ್ಯ’ ಎಂಬ ಪದದ ಮೂಲದಲ್ಲಿರುವುದು ಸಂಸ್ಕೃತದ ‘ಗುಪ್’ ಧಾತು. ಅದಕ್ಕೆ ಕಾಪಾಡು ಎಂಬ ಅರ್ಥವೂ ಇದೆ, ಮರೆಮಾಡು ಎಂಬ ಅರ್ಥವೂ ಇದೆ. ಗೋಪ್ತೃ ಎಂದರೆ ರಕ್ಷಕ. ಗುಪ್ತ ಎಂದರೆ ರಕ್ಷಿತವಾದದ್ದೂ ಹೌದು, ಕಣ್ಣಿಗೆ ಬೀಳದಂತೆ ಇಟ್ಟದ್ದೂ ಹೌದು. ಕನ್ನಡದ ‘ಗುಟ್ಟು’ ಈ ವಿಷಯದಲ್ಲಿ ಇನ್ನಷ್ಟು ನೇರವಾದ ಪದ. ಅದು ಮರೆಯನ್ನು ಮಾತ್ರ ಸೂಚಿಸುತ್ತದೆ, ಕಾವಲಿನ ಭರವಸೆ ಕೊಡುವುದಿಲ್ಲ. ಸರ್ಕಾರಗಳು ತಮ್ಮ ಕಡತಗಳ ಮೇಲೆ ‘ಗೋಪ್ಯ’ ಎಂಬ ಮುದ್ರೆ ಒತ್ತುವಾಗ ಮೊದಲನೆಯ ಅರ್ಥವನ್ನು ಮುಂದೊಡ್ಡಿ ಎರಡನೆಯದನ್ನು ಸಾಧಿಸಿಕೊಳ್ಳುತ್ತವೆ. ಆ ಕಾವಲಿನ ಕೆಲಸವನ್ನೇ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಎರಡು ಅರ್ಥಗಳೂ ಪೂರ್ತಿಯಾಗಿ ಬೇರ್ಪಡುತ್ತವೆ: ಕಾಪಾಡಬೇಕಾದದ್ದು ಸೋರಿಹೋಗುತ್ತದೆ, ಮರೆಯಲ್ಲಿ ಉಳಿಯುವುದು ಖರ್ಚಿನ ಲೆಕ್ಕ ಮಾತ್ರ. ಇಪ್ಪತ್ತೊಂದನೆಯ ಶತಮಾನದ ಅಮೆರಿಕದಲ್ಲಿ ನಡೆದದ್ದು ಇದೇ.

2013ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬ ಇಪ್ಪತ್ತೊಂಬತ್ತರ ತರುಣ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕಡತಗಳನ್ನು ಪತ್ರಕರ್ತರ ಕೈಗಿತ್ತಾಗ ಜಗತ್ತು ಅವನು ದೇಶದ್ರೋಹಿಯೋ ಸತ್ಯವಂತನೋ ಎಂಬ ವಾದದಲ್ಲಿ ಮುಳುಗಿತು. ಅವನ ಕೊರಳಿನ ಗುರುತುಚೀಟಿಯ ಕಡೆಗೆ ಗಮನ ಹರಿಸಿದವರು ಕಡಿಮೆ. ಅವನು ಸರ್ಕಾರಿ ನೌಕರನಾಗಿರಲಿಲ್ಲ. ಬೂಸ್ ಅಲೆನ್ ಹ್ಯಾಮಿಲ್ಟನ್ ಎಂಬ ಖಾಸಗಿ ಕಂಪನಿಯ ಸಂಬಳದಲ್ಲಿ, ಹವಾಯಿಯಲ್ಲಿ, ಮೂರು ತಿಂಗಳಿಗಿಂತ ಕಡಿಮೆ ಕಾಲ ಕೆಲಸ ಮಾಡಿದ್ದ. ಅವನ ವಾರ್ಷಿಕ ವೇತನ 1,22,000 ಡಾಲರ್ ಎಂದು ಕಂಪನಿಯೇ ಹೇಳಿತು. ಆ ಕೆಲಸಕ್ಕೆ ಸೇರಿದ್ದೇ ಆ ಕಡತಗಳು ಕೈಗೆ ಸಿಗಲೆಂದು ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಆ ಕಂಪನಿಯ ಸ್ವರೂಪವನ್ನು ತುಸು ನಿಧಾನವಾಗಿ ನೋಡಬೇಕು. 2013ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅದರ ವರಮಾನ ಸುಮಾರು 576 ಕೋಟಿ ಡಾಲರ್. ಅದರಲ್ಲಿ ಶೇಕಡ 98ರಷ್ಟು ಬಂದದ್ದು ಅಮೆರಿಕದ ಸರ್ಕಾರದಿಂದ. ಸುಮಾರು ನಾಲ್ಕನೆಯ ಒಂದು ಭಾಗ ಗುಪ್ತಚರ ಇಲಾಖೆಗಳದು. ಒಬ್ಬನೇ ಗಿರಾಕಿಯ ಹಣದಿಂದ ನಡೆಯುವ ಅಂಗಡಿಯನ್ನು ಖಾಸಗಿ ಎನ್ನುವುದು ಮಾತಿನ ಔಪಚಾರಿಕತೆ. ಅಂಗಡಿಗೂ ಗಿರಾಕಿಗೂ ನಡುವೆ ಬಾಗಿಲು ಸದಾ ತೆರೆದಿತ್ತು. ಆಗ ರಾಷ್ಟ್ರೀಯ ಗುಪ್ತಚರ ನಿರ್ದೇಶಕರಾಗಿದ್ದ ಜೇಮ್ಸ್ ಕ್ಲ್ಯಾಪರ್ ಹಿಂದೆ ಈ ಕಂಪನಿಯಲ್ಲಿ ಅಧಿಕಾರಿಯಾಗಿದ್ದವರು. ಅವರಿಗಿಂತ ಮುಂಚೆ ಅದೇ ಹುದ್ದೆಯಲ್ಲಿದ್ದ ಮೈಕ್ ಮೆಕಾನೆಲ್ ಈ ಕಂಪನಿಯಿಂದ ಸರ್ಕಾರಕ್ಕೆ ಹೋಗಿ, ಸರ್ಕಾರದಿಂದ ಮತ್ತೆ ಕಂಪನಿಗೆ ಮರಳಿದ್ದವರು. ಗುತ್ತಿಗೆ ಕೊಡುವ ಕೈಯೂ ಪಡೆಯುವ ಕೈಯೂ ಹೀಗೆ ಸರದಿಯಲ್ಲಿ ಒಂದೇ ಆಗುತ್ತಿದ್ದವು. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಕಳವಳಕ್ಕೆ ಕಾರಣವೂ ಅದೇ.

2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನಗಳಲ್ಲಿ ಅಮೆರಿಕಕ್ಕೆ ಬೇಹುಗಾರಿಕೆಯ ಕೆಲಸಕ್ಕೆ ಜನ ಬೇಕಾಗಿದ್ದರು. ನೇಮಕಾತಿಯ ಸರ್ಕಾರಿ ದಾರಿ ದೀರ್ಘವಾಗಿತ್ತು. ಕಂಪನಿಗಳು ಬೇಗ ಜನ ಒದಗಿಸಿದವು. ತಾತ್ಕಾಲಿಕವಾಗಿ ಬಂದದ್ದು ಕಾಯಂ ಆಯಿತು. 2010ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಎರಡು ವರ್ಷಗಳ ತನಿಖೆಯ ಬಳಿಕ ಎಣಿಕೆ ಮಾಡಿ, ಭಯೋತ್ಪಾದನಾ ವಿರೋಧ ಮತ್ತು ಬೇಹುಗಾರಿಕೆಯ ಕಾರ್ಯಗಳಲ್ಲಿ 1,271 ಸರ್ಕಾರಿ ಸಂಸ್ಥೆಗಳೂ 1,931 ಖಾಸಗಿ ಕಂಪನಿಗಳೂ ತೊಡಗಿವೆ, 8,54,000 ಜನರಿಗೆ ಅತ್ಯುನ್ನತ ಗೋಪ್ಯದ ಪರವಾನಗಿ ಇದೆ ಎಂದು ಬರೆಯಿತು. 2012ರ ಅಕ್ಟೋಬರಿನ ಅಧಿಕೃತ ಲೆಕ್ಕವೋ ಇನ್ನೂ ದೊಡ್ಡದು: ಯಾವುದೋ ಒಂದು ಮಟ್ಟದ ಪರವಾನಗಿ ಪಡೆದವರು 49 ಲಕ್ಷ, ಅತ್ಯುನ್ನತ ಮಟ್ಟದ 14 ಲಕ್ಷದಲ್ಲಿ 4,83,000ಕ್ಕೂ ಹೆಚ್ಚು ಮಂದಿ ಗುತ್ತಿಗೆ ನೌಕರರು. ಇಷ್ಟು ಜನರ ನಡುವೆ ಹಂಚಿದ ಗುಟ್ಟನ್ನು ಗುಟ್ಟೆನ್ನುವುದು ಹೇಗೆಂದು ಅಜ್ಜಿಯರೂ ಕೇಳಿಯಾರು.

ಖಾಸಗಿಯವರು ಅಗ್ಗ ಎಂಬ ನಂಬಿಕೆ ಈ ವ್ಯವಸ್ಥೆಯ ಹಿಂದಿನ ಒಂದು ಸಮರ್ಥನೆ. ಆ ನಂಬಿಕೆಯನ್ನು ಸೆನೆಟ್ಟಿನ ಗುಪ್ತಚರ ಸಮಿತಿಯೇ 2007ರಲ್ಲಿ ಒಡೆಯಿತು. ಒಬ್ಬ ಸರ್ಕಾರಿ ನೌಕರನಿಗೆ ವರ್ಷಕ್ಕೆ ತಗಲುವ ಸರಾಸರಿ ವೆಚ್ಚ 1,26,500 ಡಾಲರ್. ಗುತ್ತಿಗೆ ನೌಕರನಿಗೆ 2,50,000 ಡಾಲರ್. ಮೇಜು ಒಂದೇ, ಕೆಲಸ ಒಂದೇ, ಗುರುತುಚೀಟಿಯ ಬಣ್ಣ ಮಾತ್ರ ಬೇರೆ. ಸರ್ಕಾರದ ಖರ್ಚಿನಲ್ಲಿ ತರಬೇತಾದ, ಸರ್ಕಾರದ ಖರ್ಚಿನಲ್ಲಿ ಪರವಾನಗಿ ಪಡೆದ ಅಧಿಕಾರಿ ರಾಜೀನಾಮೆ ಕೊಟ್ಟು ಕಂಪನಿ ಸೇರಿ, ಮುಂದಿನ ವಾರ ಅದೇ ಕೋಣೆಗೆ ದುಪ್ಪಟ್ಟು ಬೆಲೆಗೆ ಮರಳುವುದು ಅಲ್ಲಿನ ಕಚೇರಿಗಳಲ್ಲಿ ಸಾಮಾನ್ಯ ಸಂಗತಿಯಾಗಿತ್ತು.

ಇನ್ನೊಂದು ಕಥೆ ಇದಕ್ಕಿಂತ ವಿಚಿತ್ರವಾದುದು. ಗುಟ್ಟು ಕಾಯುವವನು ನಂಬಿಕಸ್ಥನೇ ಎಂದು ತಿಳಿಯಲು ಅವನ ಪೂರ್ವಾಪರ ವಿಚಾರಿಸಬೇಕಷ್ಟೆ. ಊರಿಗೆ ಹೋಗಿ ನೆರೆಹೊರೆಯವರನ್ನು ಕೇಳಬೇಕು, ಸಾಲದ ಲೆಕ್ಕ ನೋಡಬೇಕು, ಪೊಲೀಸ್ ದಾಖಲೆ ತೆಗೆಸಬೇಕು. ಅಮೆರಿಕದ ಸರ್ಕಾರ 1996ರಲ್ಲಿ ಈ ತನಿಖೆಯನ್ನೂ ಖಾಸಗೀಕರಿಸಿತು. ಅದಕ್ಕಾಗಿ ಹುಟ್ಟಿದ ಕಂಪನಿ ಯುಎಸ್‌ಐಎಸ್. ಕೆಲಕಾಲದಲ್ಲೇ ಅದು ಹಿನ್ನೆಲೆ ತನಿಖೆಯ ಅತಿದೊಡ್ಡ ಗುತ್ತಿಗೆದಾರನಾಯಿತು. ಪ್ರತಿ ತನಿಖಾ ವರದಿಯನ್ನೂ ಕಂಪನಿಯ ಒಬ್ಬ ಪರಿಶೀಲಕ ಓದಿ, ಪೂರ್ಣವಾಗಿದೆಯೆಂದು ದೃಢಪಡಿಸಿದ ಮೇಲೆಯೇ ಸರ್ಕಾರಕ್ಕೆ ಕಳುಹಿಸಬೇಕೆಂಬುದು ಕರಾರು. ಆದರೆ ಬಿಲ್ಲು ಪಾವತಿಯಾಗುತ್ತಿದ್ದದ್ದು ಕಳುಹಿಸಿದ ವರದಿಗಳ ಸಂಖ್ಯೆಯ ಮೇಲೆ, ನಿಗದಿತ ದಿನಾಂಕದ ಮೇಲೆ. ಅಮೆರಿಕದ ನ್ಯಾಯ ಇಲಾಖೆ 2014ರ ಜನವರಿಯಲ್ಲಿ ನ್ಯಾಯಾಲಯಕ್ಕೆ ಸಲ್ಲಿಸಿದ ದೂರಿನ ಪ್ರಕಾರ, 2008ರ ಮಾರ್ಚಿನಿಂದ 2012ರ ಸೆಪ್ಟೆಂಬರಿನವರೆಗೆ ಕಂಪನಿಯು ಸುಮಾರು 6,65,000 ವರದಿಗಳನ್ನು, ಅಂದರೆ ಆ ಅವಧಿಯ ಒಟ್ಟು ಕೆಲಸದ ಶೇಕಡ 40ರಷ್ಟನ್ನು, ಪರಿಶೀಲಿಸದೆಯೇ ಪರಿಶೀಲಿಸಿದೆ ಎಂದು ಮುದ್ರೆಯೊತ್ತಿ ಕಳುಹಿಸಿತ್ತು. ಕಚೇರಿಯೊಳಗೆ ಇದಕ್ಕೊಂದು ಹೆಸರೇ ಇತ್ತು: ಸುರಿಯುವುದು. ತಿಂಗಳ ಕೊನೆ ಬಂತೆಂದರೆ, ತ್ರೈಮಾಸಿಕದ ಕೊನೆ ಬಂತೆಂದರೆ, ವರದಿಗಳನ್ನು ಚೀಲದಿಂದ ಸುರಿದಂತೆ ಸುರಿಯುತ್ತಿದ್ದರು. ಇದೇ ಅವಧಿಯ ಮೊದಲ ಮೂರು ವರ್ಷಗಳಿಗೆ ಸರ್ಕಾರ ಆ ಕಂಪನಿಗೆ ಉತ್ತಮ ಕಾರ್ಯನಿರ್ವಹಣೆಯ ಬಹುಮಾನವೆಂದು 1 ಕೋಟಿ 10 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಕೊಟ್ಟಿತ್ತು.

ಈ ವಂಚನೆಯನ್ನು ಬಯಲು ಮಾಡಿದ್ದು ಯಾವ ಲೆಕ್ಕಪರಿಶೋಧಕನೂ ಅಲ್ಲ. ಕಂಪನಿಯೊಳಗಿನ ಒಬ್ಬ ಮೇಲ್ವಿಚಾರಕ ‘ಸುರಿಯಲು’ ಒಪ್ಪದೆ ಕೆಲಸ ಕಳೆದುಕೊಂಡು, 2011ರಲ್ಲಿ ಹೂಡಿದ ಮೊಕದ್ದಮೆಯೇ ಅದಕ್ಕೆ ಮೂಲ. 2015ರಲ್ಲಿ ರಾಜಿಯಾಯಿತು, ಸರ್ಕಾರದಿಂದ ಬರಬೇಕಾಗಿದ್ದ ಕನಿಷ್ಠ 3 ಕೋಟಿ ಡಾಲರನ್ನು ಮಾತೃಸಂಸ್ಥೆ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಅದು ದಿವಾಳಿಯಾಗಿತ್ತು. ಸ್ನೋಡೆನ್‌ನ 2011ರ ಮರುತನಿಖೆ ನಡೆಸಿದ್ದು ಈ ಕಂಪನಿಯೇ. 2013ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ನೌಕಾಪಡೆಯ ಆವರಣದಲ್ಲಿ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಂದ ಆರನ್ ಅಲೆಕ್ಸಿಸ್ ಎಂಬ ಗುತ್ತಿಗೆ ನೌಕರನ 2007ರ ತನಿಖೆಯನ್ನು ನಡೆಸಿದ್ದೂ ಇದೇ. ಆ ಎರಡು ಕಡತಗಳು ‘ಸುರಿದ’ ಕಡತಗಳೆಂದು ಸಾಬೀತಾಗಿಲ್ಲ. ಅಲೆಕ್ಸಿಸನ ತನಿಖೆಯಂತೂ ದೂರಿನಲ್ಲಿ ಹೇಳಿದ ಅವಧಿಗಿಂತ ಹಿಂದಿನದು. ಆದರೆ ಓದದೆ ಮುದ್ರೆಯೊತ್ತುವ ಮನೆಯಿಂದ ಬಂದ ಯಾವ ಪತ್ರಕ್ಕೆ ಬೆಲೆಯಿದೆ ಎಂಬ ಪ್ರಶ್ನೆಯನ್ನು ದಿನಾಂಕ ತೋರಿಸಿ ತಳ್ಳಿಹಾಕಲಾಗದು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಯುಎಸ್‌ಐಎಸ್ ಬಿದ್ದ ಮೇಲೆ ಅದರ ಕೆಲಸದ ದೊಡ್ಡ ಪಾಲು ಕೀಪಾಯಿಂಟ್ ಎಂಬ ಮತ್ತೊಂದು ಕಂಪನಿಗೆ ಹೋಯಿತು. 2015ರಲ್ಲಿ ಸಿಬ್ಬಂದಿ ನಿರ್ವಹಣಾ ಕಚೇರಿಯ ಗಣಕಗಳಿಂದ 2 ಕೋಟಿ 15 ಲಕ್ಷ ಜನರ ಮಾಹಿತಿ ಕಳವಾದದ್ದು ಗೊತ್ತಾದಾಗ, ಕಳ್ಳರು ಒಳಹೊಕ್ಕದ್ದು ಕೀಪಾಯಿಂಟ್ ನೌಕರನೊಬ್ಬನ ಪ್ರವೇಶ ಗುರುತನ್ನು ಬಳಸಿ ಎಂದು ಅಧಿಕಾರಿಗಳು ಸಂಸತ್ತಿನ ಮುಂದೆ ಒಪ್ಪಿದರು. ಕಳವಾದದ್ದರಲ್ಲಿ ಬೆರಳಚ್ಚುಗಳೇ 56 ಲಕ್ಷ. ಪರವಾನಗಿ ಬೇಡಿದವರು ತಮ್ಮ ಸಾಲ, ಕಾಯಿಲೆ, ಕುಟುಂಬ, ಹಳೆಯ ತಪ್ಪುಗಳನ್ನೆಲ್ಲ ಸರ್ಕಾರವನ್ನು ನಂಬಿ ಬರೆದುಕೊಟ್ಟಿದ್ದ ಅರ್ಜಿಗಳು ಅವು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಗೆ ಇಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು: ಈ ಬೇಲಿ ಹೊಲ ಮೇಯಲಿಲ್ಲ, ಕೂಲಿ ಪಡೆದು ತೂಕಡಿಸಿತು.

ಸೋರಿಕೆಯ ಪಟ್ಟಿ ಇನ್ನೂ ಉದ್ದವಿದೆ. ಬೂಸ್ ಅಲೆನ್ ಕಂಪನಿಯ ಮತ್ತೊಬ್ಬ ನೌಕರ ಹೆರಾಲ್ಡ್ ಮಾರ್ಟಿನ್ 2016ರಲ್ಲಿ ಸೆರೆಸಿಕ್ಕಾಗ, ಇಪ್ಪತ್ತು ವರ್ಷಗಳಲ್ಲಿ ಹಲವು ಗುತ್ತಿಗೆ ಕಂಪನಿಗಳನ್ನು ಬದಲಿಸುತ್ತ ಮನೆಗೆ ಸಾಗಿಸಿದ್ದ ದಾಖಲೆಗಳು ಅವನ ಮನೆಯಲ್ಲೂ ಕಾರಿನಲ್ಲೂ ಹಿತ್ತಲಿನ ಕೊಟ್ಟಿಗೆಯಲ್ಲೂ ಸಿಕ್ಕವು. ಅವನ್ನು ಯಾರಿಗೂ ಮಾರಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಇಪ್ಪತ್ತು ವರ್ಷ ಯಾರೂ ಅವನ ಚೀಲ ನೋಡಲಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷ್ಯ ಹೇರಳವಾಗಿತ್ತು. 2019ರಲ್ಲಿ ಅವನಿಗೆ ಒಂಬತ್ತು ವರ್ಷ ಶಿಕ್ಷೆಯಾಯಿತು. ಕಂಪನಿಗೆ ಗುತ್ತಿಗೆಗಳು ಬರುತ್ತಲೇ ಇದ್ದವು. 2023ರಲ್ಲಿ, ಸರ್ಕಾರಕ್ಕೆ ಸಂಬಂಧಿಸದ ವಾಣಿಜ್ಯ ಮತ್ತು ವಿದೇಶೀ ವ್ಯವಹಾರದ ಖರ್ಚನ್ನು ಸರ್ಕಾರಿ ಗುತ್ತಿಗೆಗಳ ಲೆಕ್ಕಕ್ಕೆ ಸೇರಿಸಿದ ಆರೋಪವನ್ನು ಇತ್ಯರ್ಥಗೊಳಿಸಲು ಆ ಕಂಪನಿ 37 ಕೋಟಿ 70 ಲಕ್ಷ ಡಾಲರುಗಳಷ್ಟು ಕಟ್ಟಲು ಒಪ್ಪಿತು. ಅಲ್ಲಿಯೂ ವಿಷಯ ಹೊರಬಂದದ್ದು ಒಳಗಿನ ನೌಕರರೊಬ್ಬರ ದೂರಿನಿಂದಲೇ.

ಪೋಲು ಮತ್ತು ಸೋರಿಕೆ ಎರಡು ಬೇರೆ ರೋಗಗಳಲ್ಲ. ಹಳ್ಳಿಯ ಕೆರೆಯ ಏರಿಯನ್ನು ಗುತ್ತಿಗೆದಾರ ಕಳಪೆಯಾಗಿ ಕಟ್ಟಿದರೆ ಮೊದಲ ಮಳೆಗೇ ಊರಿಗೆಲ್ಲ ತಿಳಿಯುತ್ತದೆ. ಎತ್ತು ತೊಳೆಯಲು ಹೋದವನೂ ಬಿರುಕನ್ನು ಕಾಣುತ್ತಾನೆ. ಅದರಿಂದ ಕಳಪೆ ಕೆಲಸ ನಿಲ್ಲುತ್ತದೆ ಎಂದಲ್ಲ, ಮಾತಿಗಾದರೂ ಬರುತ್ತದೆ. ಗೋಪ್ಯದ ಗುತ್ತಿಗೆಯ ಏರಿಯ ಮೇಲೆ ಯಾರೂ ನಡೆದಾಡುವುದಿಲ್ಲ. ಪ್ರತಿಸ್ಪರ್ಧಿಗೆ ದರ ತಿಳಿಯದು, ಪತ್ರಕರ್ತನಿಗೆ ಕರಾರು ಸಿಗದು, ಶಾಸಕನಿಗೆ ತಿಳಿದರೂ ಹೊರಗೆ ಆಡುವಂತಿಲ್ಲ. ಬಿರುಕು ಕಂಡವನು ಒಳಗಿನವನೇ ಆಗಿರಬೇಕು. ಕಂಡದ್ದನ್ನು ಹೇಳಿದರೆ ಅವನೇ ಅಪರಾಧಿ.

ಹಾಗೆ ಅಪರಾಧಿಯಾದವರಲ್ಲಿ ಥಾಮಸ್ ಡ್ರೇಕ್ ಒಬ್ಬರು. ರಾಷ್ಟ್ರೀಯ ಭದ್ರತಾ ಸಂಸ್ಥೆಯೊಳಗೆ ವಿಲಿಯಂ ಬಿನ್ನಿ ಮತ್ತು ಕೆಲವೇ ಸಹೋದ್ಯೋಗಿಗಳು 1990ರ ದಶಕದ ಕೊನೆಯಲ್ಲಿ ‘ಥಿನ್‌ಥ್ರೆಡ್’ ಎಂಬ ವ್ಯವಸ್ಥೆಯನ್ನು ಸುಮಾರು 30 ಲಕ್ಷ ಡಾಲರಿನಲ್ಲಿ ರೂಪಿಸಿದ್ದರು. ನಾಗರಿಕರ ಖಾಸಗಿತನಕ್ಕೆ ಅದರಲ್ಲಿ ರಕ್ಷಣೆಯೂ ಇತ್ತೆಂದು ಅದನ್ನು ಕಟ್ಟಿದವರ ಹೇಳಿಕೆ. ಸಂಸ್ಥೆಯ ಮುಖ್ಯಸ್ಥರು ಅದನ್ನು ಬದಿಗಿಟ್ಟು, ‘ಟ್ರೇಲ್‌ಬ್ಲೇಜರ್’ ಎಂಬ ಬೃಹತ್ ಯೋಜನೆಯನ್ನು ಖಾಸಗಿಯವರಿಗೆ ಒಪ್ಪಿಸಿದರು. 2002ರಲ್ಲಿ ಎಸ್‌ಎಐಸಿ ಎಂಬ ಕಂಪನಿಗೆ 28 ಕೋಟಿ ಡಾಲರಿನ ಗುತ್ತಿಗೆ ಸಿಕ್ಕಿತು. 2005ರಲ್ಲಿ ಅದೇ ಮುಖ್ಯಸ್ಥರು, ಖರ್ಚು ಅಂದಾಜಿಗಿಂತ ಹತ್ತಾರು ಕೋಟಿ ಡಾಲರ್ ಮೀರಿದೆ ಎಂದು ಸೆನೆಟ್ ಸಮಿತಿಗೆ ತಿಳಿಸಬೇಕಾಯಿತು. 2006ರಲ್ಲಿ ಯೋಜನೆ ಮುಚ್ಚಿತು. ಒಟ್ಟು ವೆಚ್ಚ ನೂರು ಕೋಟಿ ಡಾಲರ್ ಮೀರಿತೆಂಬುದು ಸಾಮಾನ್ಯ ಅಂದಾಜು.

ಬಿನ್ನಿ ಮತ್ತು ಅವರ ಜೊತೆಗಾರರು ಇದನ್ನು ಪತ್ರಿಕೆಗೆ ಕೊಡಲಿಲ್ಲ. 2002ರಲ್ಲಿ ರಕ್ಷಣಾ ಇಲಾಖೆಯ ಮಹಾತನಿಖಾಧಿಕಾರಿಗೆ, ನಿಯಮ ಹೇಳುವ ದಾರಿಯಲ್ಲೇ, ದೂರು ಕೊಟ್ಟರು; ಡ್ರೇಕ್ ಅದಕ್ಕೆ ಒಳಗಿನಿಂದ ಸಾಕ್ಷಿಯಾದರು. ತನಿಖೆಯ ವರದಿ ಬಂತು, ಬಹುಪಾಲು ಕಪ್ಪು ಮಸಿಯ ಕೆಳಗೆ ಉಳಿಯಿತು. 2007ರಲ್ಲಿ ದೂರುದಾರರ ಮನೆಗಳ ಮೇಲೆ ಪೊಲೀಸ್ ದಾಳಿಯಾಯಿತು. ಒಬ್ಬ ಪತ್ರಕರ್ತೆಯೊಂದಿಗೆ ಮಾತಾಡಿದ್ದ ಡ್ರೇಕ್ ಮೇಲೆ 2010ರಲ್ಲಿ ಬೇಹುಗಾರಿಕೆ ಕಾಯಿದೆಯನ್ನೂ ಒಳಗೊಂಡು ಹತ್ತು ಆರೋಪಗಳನ್ನು ಹೊರಿಸಲಾಯಿತು. ಸಾಬೀತಾಗಿದ್ದರೆ ಮೂವತ್ತೈದು ವರ್ಷ ಸೆರೆ. ಅವರ ಮನೆಯಲ್ಲಿ ಸಿಕ್ಕ ಗೋಪ್ಯ ದಾಖಲೆಗಳಲ್ಲಿ ಒಂದು, ಕೆಲಸ ಚೆನ್ನಾಯಿತೆಂದು ತಂಡಕ್ಕೆ ಅಭಿನಂದನೆ ಹೇಳುವ ಮಿಂಚಂಚೆ. ಗೋಪ್ಯತೆಯ ಮೇಲ್ವಿಚಾರಣಾ ಕಚೇರಿಯ ಮಾಜಿ ಮುಖ್ಯಸ್ಥ ವಿಲಿಯಂ ಲಿಯೊನಾರ್ಡ್ ಅದಕ್ಕೆ ಆ ಮುದ್ರೆ ಬಿದ್ದದ್ದೇ ತಪ್ಪೆಂದು ಡ್ರೇಕ್ ಪರವಾಗಿ ನಿಂತರು. 2011ರ ಜೂನಿನಲ್ಲಿ ಹತ್ತೂ ಆರೋಪಗಳು ಬಿದ್ದುಹೋದವು. ಗಣಕದ ಬಳಕೆಯಲ್ಲಿ ಮಿತಿ ಮೀರಿದ ಸಣ್ಣ ತಪ್ಪೊಂದನ್ನು ಒಪ್ಪಿಕೊಂಡ ಡ್ರೇಕ್‌ಗೆ ಒಂದು ವರ್ಷದ ನಿಗಾವಣೆ, 240 ಗಂಟೆಗಳ ಸಮುದಾಯ ಸೇವೆ. ಸರ್ಕಾರ ನಡೆದುಕೊಂಡ ರೀತಿಯನ್ನು ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿ ಖಂಡಿಸಿದರು. ಡ್ರೇಕ್ ಆಗಲೇ ನೌಕರಿಯನ್ನೂ ನಿವೃತ್ತಿ ವೇತನವನ್ನೂ ಕಳೆದುಕೊಂಡು ಒಂದು ಗಣಕದ ಅಂಗಡಿಯಲ್ಲಿ ಗಂಟೆಯ ಕೂಲಿಗೆ ದುಡಿಯುತ್ತಿದ್ದರು. ನೂರು ಕೋಟಿ ಡಾಲರ್ ಪೋಲು ಮಾಡಿದ್ದಕ್ಕೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಅಮೆರಿಕದ ಕಾನೂನಿನಲ್ಲಿ ಈ ಮರೆಗೆ ಅಡಿಪಾಯ ಹಾಕಿದ ಪ್ರಕರಣದಲ್ಲೂ ಗುತ್ತಿಗೆ ಕಂಪನಿಯವರೇ ಇದ್ದಾರೆ, ಆದರೆ ಸತ್ತವರಾಗಿ. 1948ರ ಅಕ್ಟೋಬರ್ 6ರಂದು ಜಾರ್ಜಿಯಾ ರಾಜ್ಯದ ವೇಕ್ರಾಸ್ ಬಳಿ ವಾಯುಪಡೆಯ ಬಿ-29 ವಿಮಾನವೊಂದು ಬಿತ್ತು. ಗುಪ್ತ ವಿದ್ಯುನ್ಮಾನ ಉಪಕರಣಗಳನ್ನು ಪರೀಕ್ಷಿಸುತ್ತಿದ್ದ ಆ ವಿಮಾನದಲ್ಲಿ ಸತ್ತ ಒಂಬತ್ತು ಮಂದಿಯಲ್ಲಿ ಆರ್‌ಸಿಎ ಮುಂತಾದ ಸಂಸ್ಥೆಗಳ ನಾಗರಿಕ ಎಂಜಿನಿಯರುಗಳಿದ್ದರು. ಮೂವರು ವಿಧವೆಯರು ಪರಿಹಾರ ಕೇಳಿ ಅಪಘಾತದ ವರದಿ ಬೇಡಿದರು. ವಾಯುಪಡೆ ಕೊಡಲಿಲ್ಲ, ನ್ಯಾಯಾಧೀಶರಿಗೂ ತೋರಿಸಲಿಲ್ಲ. 1953ರಲ್ಲಿ ಸರ್ವೋಚ್ಚ ನ್ಯಾಯಾಲಯ ವರದಿಯನ್ನು ತಾನೂ ಓದದೆಯೇ ಸರ್ಕಾರದ ಮಾತನ್ನು ಒಪ್ಪಿತು. ರಾಜ್ಯರಹಸ್ಯದ ಹೆಸರಿನಲ್ಲಿ ದಾಖಲೆ ತಡೆಹಿಡಿಯುವ ಅಧಿಕಾರ ಅಂದಿನಿಂದ ಗಟ್ಟಿಯಾಯಿತು. ವಿಧವೆಯರು ಕಡಿಮೆ ಹಣಕ್ಕೆ ರಾಜಿಯಾದರು. ಆ ವರದಿಯ ಗೋಪ್ಯತೆ ತೆರವಾಗಿ, 2000ದಲ್ಲಿ ಸತ್ತ ಎಂಜಿನಿಯರೊಬ್ಬರ ಮಗಳ ಕೈಗೆ ಅದು ಸಿಕ್ಕಿತು. ಅದರಲ್ಲಿ ಗುಪ್ತ ಉಪಕರಣದ ವಿವರ ಇರಲಿಲ್ಲ. ಎಂಜಿನ್ ಅತಿಯಾಗಿ ಕಾಯದಂತೆ ಮಾಡಬೇಕಾಗಿದ್ದ ಮಾರ್ಪಾಡನ್ನು ಮಾಡಿರಲಿಲ್ಲ ಎಂಬುದು ಇತ್ತು. ಕುಟುಂಬಗಳು ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದವು. ಹಳೆಯ ತೀರ್ಪು ಬದಲಾಗಲಿಲ್ಲ.

ಇಷ್ಟರಿಂದ ಗೋಪ್ಯತೆಯೇ ಬೇಡ ಎಂದಾಗಲಿ, ಗುತ್ತಿಗೆ ನೌಕರರೆಲ್ಲ ಕಳ್ಳರೆಂದಾಗಲಿ ತೀರ್ಮಾನಿಸುವುದು ಆತುರ. ಸೇನೆ ನಡೆಯುವ ದಾರಿ, ಶತ್ರುವಿನ ಮನೆಯೊಳಗಿರುವ ಮಾಹಿತಿದಾರನ ಹೆಸರು ಗುಟ್ಟಾಗಿಯೇ ಇರಬೇಕು. ಸೋವಿಯತ್ ಒಕ್ಕೂಟಕ್ಕೆ ಮಾಹಿತಿ ಮಾರಿ ಹಲವರ ಪ್ರಾಣ ತೆಗೆದ ಆಲ್ಡ್ರಿಚ್ ಏಮ್ಸ್, ರಾಬರ್ಟ್ ಹ್ಯಾನ್ಸೆನ್ ಇಬ್ಬರೂ ಕಾಯಂ ಸರ್ಕಾರಿ ಅಧಿಕಾರಿಗಳು. ಸರ್ಕಾರಿ ಗುರುತುಚೀಟಿ ನಿಷ್ಠೆಯ ಪ್ರಮಾಣಪತ್ರವಲ್ಲ. ಆದರೆ ಸರ್ಕಾರಿ ಕಚೇರಿಯಲ್ಲಿ ತಪ್ಪು ನಡೆದರೆ ಉತ್ತರ ಹೇಳಬೇಕಾದ ಒಂದು ಸರಪಳಿಯಾದರೂ ಇರುತ್ತದೆ. ಗುತ್ತಿಗೆಯಲ್ಲಿ ಆ ಸರಪಳಿ ಕಂಪನಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಒಬ್ಬ ನೌಕರನನ್ನು ವಜಾ ಮಾಡಿದರೆ ಕಂಪನಿಯ ಹೊಣೆ ಮುಗಿಯಿತು, ಕಂಪನಿಯನ್ನು ಬದಲಿಸಿದರೆ ಸರ್ಕಾರದ ಹೊಣೆ ಮುಗಿಯಿತು.

ಕಾಪಾಡಬೇಕಾದ ಗುಟ್ಟು ಎಷ್ಟು ಎಂಬ ಪ್ರಶ್ನೆಯೂ ಇದೆ. 1971ರಲ್ಲಿ ಪೆಂಟಗನ್ ದಾಖಲೆಗಳ ಪ್ರಕಟಣೆಯನ್ನು ತಡೆಯಲು ಸರ್ಕಾರದ ಪರವಾಗಿ ವಾದಿಸಿದ್ದ ಅರ್ವಿನ್ ಗ್ರಿಸ್ವೋಲ್ಡ್, 1989ರಲ್ಲಿ ಪತ್ರಿಕೆಗೆ ಬರೆದ ಲೇಖನದಲ್ಲಿ, ಆ ಪ್ರಕಟಣೆಯಿಂದ ದೇಶದ ಭದ್ರತೆಗೆ ಅಪಾಯವಾದ ಕುರುಹನ್ನೇ ತಾವು ಕಂಡಿಲ್ಲ ಎಂದು ಒಪ್ಪಿಕೊಂಡರು. ಅಧಿಕಾರಿಗಳ ಮುಖ್ಯ ಚಿಂತೆ ಭದ್ರತೆಯದಲ್ಲ, ಮುಜುಗರದ್ದು ಎಂಬುದು ಅವರ ಅನುಭವದ ಮಾತಾಗಿತ್ತು. ಆ ದಾಖಲೆಗಳನ್ನು ಹೊರತಂದ ಡೇನಿಯಲ್ ಎಲ್ಸ್‌ಬರ್ಗ್ ಕೂಡ ಸರ್ಕಾರಕ್ಕೆ ಅಧ್ಯಯನ ಮಾಡಿಕೊಡುತ್ತಿದ್ದ ರ‍್ಯಾಂಡ್ ಸಂಸ್ಥೆಯಲ್ಲಿದ್ದವರು. ಕಾನೂನುಬಾಹಿರ ಕೃತ್ಯವನ್ನು, ಅದಕ್ಷತೆಯನ್ನು, ಆಡಳಿತದ ತಪ್ಪನ್ನು, ಮುಜುಗರವನ್ನು ಮರೆಮಾಚಲು ಗೋಪ್ಯದ ಮುದ್ರೆ ಒತ್ತಬಾರದೆಂದು ಅಮೆರಿಕದ ಅಧ್ಯಕ್ಷರ 2009ರ ಆದೇಶವೇ ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ಒತ್ತಲಾಗಿದೆಯೇ ಎಂದು ನೋಡಬೇಕಾದವರು ಒತ್ತಿದವರೇ.

ಈ ಒಂದು ಅಂಶದಲ್ಲಿ ಭಾರತದ ಶಾಸನ ಹೆಚ್ಚು ವಿವೇಕದಿಂದ ಬರೆಯಲ್ಪಟ್ಟಿದೆ. ಬ್ರಿಟಿಷರು ಬಿಟ್ಟುಹೋದ 1923ರ ಸರ್ಕಾರಿ ರಹಸ್ಯಗಳ ಕಾಯಿದೆ ಇನ್ನೂ ಜಾರಿಯಲ್ಲಿದೆ, ನಿಜ. ಆದರೆ 2005ರ ಮಾಹಿತಿ ಹಕ್ಕು ಕಾಯಿದೆ ತನ್ನ 22ನೆಯ ಪ್ರಕರಣದಲ್ಲಿ ಅದರ ಮೇಲೆ ತನಗೆ ಪ್ರಾಧಾನ್ಯವಿದೆ ಎಂದು ಸಾರಿತು. 24ನೆಯ ಪ್ರಕರಣ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತಲೇ, ಭ್ರಷ್ಟಾಚಾರ ಹಾಗೂ ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಸಲ್ಲದೆಂದು ಸೇರಿಸಿತು. ರಫೇಲ್ ವಿಮಾನಗಳ ಖರೀದಿಯ ದಾಖಲೆಗಳು ಕದ್ದವು, ಆದ್ದರಿಂದ ನ್ಯಾಯಾಲಯ ನೋಡಬಾರದು ಎಂಬ ಸರ್ಕಾರದ ಆಕ್ಷೇಪವನ್ನು ಸರ್ವೋಚ್ಚ ನ್ಯಾಯಾಲಯ 2019ರ ಏಪ್ರಿಲ್ 10ರಂದು ತಳ್ಳಿಹಾಕಿದಾಗ ಈ ಕಾಯಿದೆಯ ಬಲವೂ ಅದರ ಹಿಂದಿತ್ತು. ಖರೀದಿಯ ಸರಿತಪ್ಪು ಬೇರೆ ಮಾತು. ದಾಖಲೆಯನ್ನು ಓದುವ ಅಧಿಕಾರವನ್ನು ನ್ಯಾಯಾಲಯ ಬಿಟ್ಟುಕೊಡಲಿಲ್ಲ. ಅದೇ ವ್ಯತ್ಯಾಸ 1953ರ ವಾಷಿಂಗ್ಟನ್ನಿಗೂ ಇದಕ್ಕೂ. ಶಾಸನದ ಅಕ್ಷರ ಕಚೇರಿಯ ಕಿಟಕಿಯವರೆಗೆ ತಲುಪುವುದು ಎಷ್ಟು ಕಷ್ಟವೆಂಬುದು, ತಮಗೆ ಸಂಬಂಧಿಸಿದ ಸುತ್ತೋಲೆಯನ್ನು ತಮ್ಮ ಭಾಷೆಯಲ್ಲಿ ಪಡೆಯಲೆಂದೇ ವರ್ಷಗಟ್ಟಲೆ ಅರ್ಜಿ ಬರೆದ ಗಡಿನಾಡಿನ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅಮೆರಿಕದ ಸಂಸತ್ತಿಗೆ ಒಮ್ಮೆ ಈ ಪೋಲಿನ ಲೆಕ್ಕ ತೆಗೆಯುವ ಮನಸ್ಸಾಯಿತು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಕಾವಲಿನಿಂದ ಹಿಡಿದು ಅಡುಗೆಯವರೆಗೆ ಎಲ್ಲವನ್ನೂ ಮಾಡಿದ ಗುತ್ತಿಗೆದಾರರ ವ್ಯವಹಾರವನ್ನು ಪರಿಶೀಲಿಸಲು ಅದು ನೇಮಿಸಿದ ಯುದ್ಧಕಾಲದ ಗುತ್ತಿಗೆಗಳ ಆಯೋಗ, 2011ರ ಆಗಸ್ಟಿನಲ್ಲಿ ಅಂತಿಮ ವರದಿ ಕೊಟ್ಟಿತು. ಪೋಲು ಮತ್ತು ವಂಚನೆಯಿಂದ ನಷ್ಟವಾದದ್ದು 3,100 ಕೋಟಿ ಡಾಲರಿನಿಂದ 6,000 ಕೋಟಿ ಡಾಲರಿನವರೆಗೆ ಎಂದು ಅದು ಅಂದಾಜಿಸಿತು. ಎರಡು ಸಂಖ್ಯೆಗಳ ನಡುವಿನ ಅಂತರವೇ ಲೆಕ್ಕ ಇಟ್ಟ ಬಗೆಯನ್ನು ಹೇಳುತ್ತದೆ. ಕೆಲಸ ಮುಗಿಸಿದ ಆಯೋಗ ತಾನು ಸಂಗ್ರಹಿಸಿದ್ದ ಸಂದರ್ಶನಗಳನ್ನೂ ಕಡತಗಳನ್ನೂ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಿತು. ಪೆಟ್ಟಿಗೆಗಳಿಗೆ ಮುದ್ರೆ ಬಿತ್ತು. ಅವುಗಳನ್ನು ತೆರೆಯುವ ವರ್ಷ 2031.